ಮತ್ಸ್ಯ-ಕಾವಲೀ ವಿಚ್ಛೇದ ಮೀಮಾಂಸೆ

ಕಾದ ಕಾವಲಿಗೆ ಹಾಕಿದ ಮೀನು, ಮಗುಚುವ ಹೊತ್ತಿಗೆ ಚರ್ಮವನ್ನು ಕಾವಲಿಗೇ ದಾನಕೊಟ್ಟು, ತಾನು ಮೂರು ಚೂರಾಗಿ ಸಟ್ಟುಗ ಏರುವುದೇಕೆ ಎಂಬುದು ಈ ಪ್ರಬಂಧದ ವಿಷಯ. ಪ್ರಯೋಜನ, ಇಡೀ ಮೀನು. ಅಧಿಕಾರಿ, ಹಸಿದವನು. ಕ್ಷೇತ್ರ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರವೆಂಬ ಮೂರು ತಾಲ್ಲೂಕು. ಬಾಳೆಹೊನ್ನೂರಿನ ಬಳಿ 1925ರಿಂದ ಕಾಫಿಯ ಮೇಲೆ ಸಂಶೋಧನೆ ನಡೆದಿದೆ. ಅದೇ ಸೀಮೆಯಲ್ಲಿ ಕಾಫಿಗಿಂತ ಹಳೆಯದಾದ ಈ ಸಮಸ್ಯೆಗೆ ಇವತ್ತಿನವರೆಗೆ ಒಂದು ಗುಮಾಸ್ತನ ಹುದ್ದೆಯೂ ಮಂಜೂರಾಗಿಲ್ಲ. ಆದ್ದರಿಂದ ಸಂಬಳವಿಲ್ಲದ ನಾವೇ ಲೇಖನಿ ಹಿಡಿಯಬೇಕಾಯಿತು.

ಪೂರ್ವಪಕ್ಷ

ಶೃಂಗೇರಿ ಅದ್ವೈತದ ನೆಲ. ಇಲ್ಲಿನ ನೀರು ಕುಡಿದ ಮೀನಿಗೆ ತಾನೂ ಕಾವಲಿಯೂ ಒಂದೇ ಎಂಬ ಅರಿವು ಬೇಗ ಮೂಡುತ್ತದೆ, ಅದಕ್ಕೇ ಅಂಟುತ್ತದೆ ಎಂದು ಕೆಲವರು. ಘಟ್ಟ ಇಳಿದರೆ ಉಡುಪಿ, ಅಲ್ಲಿ ಭೇದವೇ ಸತ್ಯ, ಅದಕ್ಕೇ ಕರಾವಳಿಯ ಬಂಗುಡೆ ಸಲೀಸಾಗಿ ಏಳುತ್ತದೆ ಎಂದು ಅವರದೇ ಅನುಬಂಧ. ಈ ವಾದ ನಿಲ್ಲುವುದಿಲ್ಲ. ಬಂಗುಡೆಯನ್ನು ಎಬ್ಬಿಸುವುದು ಅದರ ಮೈಯ ಎಣ್ಣೆ ಮತ್ತು ಮೇಲೆ ಹೊದೆಸಿದ ರವೆ, ಮತವಲ್ಲ. ಮೇಲಾಗಿ ಎರಡೂ ಕಡೆಯ ಆಚಾರ್ಯರು ಈ ಪದಾರ್ಥದ ಗೊಡವೆಗೇ ಹೋದವರಲ್ಲವಾದ್ದರಿಂದ ಅವರನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಮೂರು ಸಂಪ್ರದಾಯಗಳು

ಶೃಂಗೇರಿ ಸಂಪ್ರದಾಯ ಅತ್ಯಂತ ಪರಿಶುದ್ಧವಾದದ್ದು. ಮಠದ ದಂಡೆಯ ತುಂಗೆಯಲ್ಲಿ ಮೀನು ಹಿಡಿಯುವಂತಿಲ್ಲ. ಮೊಳದುದ್ದದ ಮೀನುಗಳು ಮೆಟ್ಟಿಲವರೆಗೂ ಬಂದು ಯಾತ್ರಿಕರು ಚೆಲ್ಲುವ ಪುರಿ ತಿಂದು ತಿರುಗುತ್ತವೆ. ಇವುಗಳಲ್ಲಿ ಒಂದಾದರೂ ಕಾವಲಿಗೆ ಅಂಟಿದ ನಿದರ್ಶನವಿಲ್ಲ. ಸಿದ್ಧಾಂತವಾಗಿ ಇದು ಅಜೇಯ. ಊಟದ ದೃಷ್ಟಿಯಿಂದ ಮಾತ್ರ ಸ್ವಲ್ಪ ತೆಳು.

ನರಸಿಂಹರಾಜಪುರದ್ದು ವ್ಯವಧಾನ ಸಂಪ್ರದಾಯ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನ ಕಾಟ್ಲಾ, ರೋಹು, ಜಿಲೇಬಿ ಮೀನುಗಳು ಈ ಚರ್ಚೆಗೆ ಸೇರಿಕೊಂಡವು. ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆಸಿದ ಮನೆಗಳಲ್ಲಿ ಮೀನಿಗೆ ಮಸಾಲೆ ಮೆತ್ತಿ, ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಕಾವಲಿಗಿಡುತ್ತಾರೆ. ಅಂಟುವುದಿದ್ದರೆ ಎಲೆ ಅಂಟಲಿ ಎಂಬುದು ಇಲ್ಲಿಯ ರಾಜನೀತಿ.

ಉಳಿದದ್ದು ಕೊಪ್ಪ. ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನನ್ನು ರಾತ್ರಿ ಬ್ಯಾಟರಿ ಹಿಡಿದು, ಕತ್ತಿ ಹಿಡಿದು ಕಡಿದು ತರುತ್ತಾರೆ. ನೆಂದು ಬಂದವರೆಲ್ಲ ಮೈ ಒರೆಸಿಕೊಂಡು ಬಟ್ಟೆ ಬದಲಿಸುತ್ತಾರೆ. ಮೀನನ್ನು ಮಾತ್ರ ಒದ್ದೆ ಮೈಯಲ್ಲೇ ಕಾವಲಿಗೆ ಹಾಕುತ್ತಾರೆ. ಸಮಸ್ತ ಅನರ್ಥದ ಮೂಲ ಇದು. (ಹಂದಿಗೆ ಈ ಶಾಸ್ತ್ರ ಅನ್ವಯಿಸದು. ಅದು ತನ್ನ ಎಣ್ಣೆಯನ್ನು ತಾನೇ ಹೊತ್ತು ತರುವ ಸ್ವಾಭಿಮಾನಿ.)

ಕಾರಣ ವಿಚಾರ

ಒದ್ದೆ ಮೀನು ಕಾವಲಿಯ ಕಾವು ಇಳಿಸುತ್ತದೆ. ಕಾವು ಇಳಿದಾಗ ಮಾಂಸದ ಪ್ರೋಟೀನು ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ. ಬೀಡಿನ ಕಾವಲಿಯ ಮೈ ಕಣ್ಣಿಗೆ ಕಾಣದ ಗುಂಡಿಗಳಿಂದ ತುಂಬಿರುವುದರಿಂದ ಹಿಡಿತಕ್ಕೆ ಜಾಗವೂ ಧಾರಾಳ. ಅಡಿ ಒಣಗಿ ಕೆಂಪಗೆ ಗರಿಯಾದಾಗ ಹಿಡಿತ ತಾನಾಗಿ ಸಡಿಲಾಗುತ್ತದೆ.

ಕಾವಲಿ ಕಾದಿದೆಯೇ ಎಂದು ತಿಳಿಯಲು ನೀರು ಚಿಮುಕಿಸಬೇಕು. ಹನಿ ಬಿದ್ದಲ್ಲೇ ಚುಂಯ್ ಎಂದು ಆರಿದರೆ ಕಾಯಬೇಕು. ತನ್ನದೇ ಆವಿಯ ಮೇಲೆ ಉರುಳಾಡಿದರೆ ಮೀನಿಗೆ ಮುಹೂರ್ತ. ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯ ಕೆಂಪಗೆ ಕಾಯಿಸಿದ ಕಬ್ಬಿಣದ ಚಮಚದಲ್ಲಿ ಈ ಹನಿಯಾಟ ನೋಡಿ 1756ರಲ್ಲಿ ಲ್ಯಾಟಿನ್ನಿನಲ್ಲಿ ಗ್ರಂಥ ಬರೆದ. ಕೊಪ್ಪದ ಅಡುಗೆಮನೆಗಳಲ್ಲಿ ಲ್ಯಾಟಿನ್ ಇಲ್ಲದೆಯೇ ಸುಧಾರಿಸುತ್ತಾರೆ.

ಗುಂಡಿ ಮುಚ್ಚುವ ವಿಧಿಗೆ ಪಳಗಿಸುವುದು ಎಂದು ಹೆಸರು. ಹೊಸ ಕಾವಲಿಯನ್ನು ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿಟ್ಟು, ತೊಳೆದು ಒಣಗಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜುತ್ತ ಮತ್ತೆ ಮತ್ತೆ ಕಾಯಿಸಿದರೆ, ಎಣ್ಣೆ ಗಟ್ಟಿಯಾಗಿ ನುಣ್ಣನೆ ಕಪ್ಪು ಪದರವಾಗುತ್ತದೆ. ವರ್ಷಗಟ್ಟಲೆ ಬೆಳೆದ ಈ ಪದರವನ್ನು, ಬೆಂಗಳೂರಿನಿಂದ ರಜೆಗೆ ಬಂದವರು ಕೊಳೆಯೆಂದು ತಿಳಿದು, ತಂತಿಯುಂಡೆ ಹಾಕಿ ತಿಕ್ಕಿ ಫಳಫಳ ಮಾಡಿ ಹೊಗಳಿಕೆಗೆ ಕಾಯುತ್ತಾರೆ. ಅಂಥವರಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ, ಬಸ್ಸಿನ ಸಮಯ ಹೇಳಿದೆ. ದೋಸೆ ಕಾವಲಿಗೆ ಮೀನು ಹಾಕಿದವರಿಗೂ ಇದೇ ಬಸ್ಸು.

ಅಪವಾದ

1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಫ್ರಿಜ್ಜಿನ ಅನಿಲ ಹುಡುಕುತ್ತ ಟೆಫ್ಲಾನ್ ಕಂಡ. 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನು ಬಾಣಲೆಗೆ ಬಳಿದ. ಹೀಗೆ ಹುಟ್ಟಿದ ನಾನ್‌ಸ್ಟಿಕ್ ತವಾಕ್ಕೆ ಮೀನು ಅಂಟದು, ನಿಜ. ಆದರೆ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪಕ್ಕೆ ಕೇಡು, ಸೌದೆ ಒಲೆಗೆ ಡಿಗ್ರಿ ಓದಲು ಬಾರದು, ಕಬ್ಬಿಣದ ಸಟ್ಟುಗಕ್ಕೆ ದಾಕ್ಷಿಣ್ಯ ಗೊತ್ತಿಲ್ಲ.

ಸಿದ್ಧಾಂತ

ಬೇಯುವ ತನಕ ಇದ್ದವರು ಆರುವ ತನಕ ಇರಲಾರರೇ ಎಂದು ಗಾದೆ ಕೇಳುತ್ತದೆ. ಗಾದೆ ಕಟ್ಟಿದವರು ಎರಡರ ನಡುವೆ ಬಿಡುವ ತನಕ ಎಂಬ ಘಟ್ಟವಿರುವುದನ್ನು ಮರೆತಿದ್ದಾರೆ. ಮನುಷ್ಯ ಕೈ ಸುಟ್ಟುಕೊಳ್ಳುವುದು ಅಲ್ಲೇ. ಸಟ್ಟುಗ ಹಿಡಿದು ಮೀನಿನ ಅಂಚನ್ನು ಕೆರೆಯುತ್ತ ನಿಂತ ಗಂಡಸರಿಗೆ, ಮಸಾಲೆ ಕಲಸುತ್ತಿರುವ ಅತ್ತೆ ತಿರುಗಿಯೂ ನೋಡದೆ ಹೇಳುವ ಸೂತ್ರವೇ ನಮ್ಮ ಪರಮ ಪ್ರಮಾಣ: "ಮುಟ್ಬೇಡ ಮಾರಾಯ, ಅದಾಗೇ ಬಿಡ್ತದೆ."

ಇದರಲ್ಲಿ ಮೊದಲ ಪದ ನಿಷೇಧ, ಎರಡನೆಯದು ಅಧಿಕಾರಿ ನಿರ್ದೇಶ, ಮೂರನೆಯದು ಕರ್ತೃ ನಿರ್ಣಯ, ನಾಲ್ಕನೆಯದು ಫಲ. ಮೇಲೆ ಬರೆದದ್ದೆಲ್ಲ ಇದರ ಭಾಷ್ಯ, ಅಂದರೆ ಇಲ್ಲದಿದ್ದರೂ ನಡೆಯುತ್ತಿತ್ತು.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರ ಮೀನು ಇಡಿಯಾಗಿ ಏಳುತ್ತದೆ. ಒಲೆಯ ಮುಂದೆ ನಿಂತು ಕೊನೆಯವರೆಗೂ ಓದಿದವರ ಮೀನು ಅಂಟುವುದಿಲ್ಲ, ಸೀದುಹೋಗುತ್ತದೆ.