ಎಂಟು ಪಾಲು ನೀರು, ನಾಕು ಪಾಲು ಮೈ

"ಮಾಸ್ತರ, ಒಂದ ಮಣ್ಣು, ಒಂದ ಆವಿಗಿ, ತುಂಬಿದ್ದೂ ಒಂದ ಬೋರಿನ ನೀರು. ಸಣ್ಣ ಮಗಿ ಲಗೂನ ತಂಪಾಗತದ, ದೊಡ್ಡ ಹರವಿ ಯಾಕ ತಡಾ ಮಾಡತದ?"

ಬೇಲಿಯ ಆಚೆ ಬಾಜೂಮನಿ ಕಾಕೂ. ಇಂಡಿಯಲ್ಲಿ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದಾಗ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ?

"ಹರವಿ ಮೈಯಿಂದ ನೀರು ಜಿನಗತದಲ್ಲ ಕಾಕೂ, ಅದು ಗಾಳಿಗೆ ಆರೂ ಮುಂದ ಒಳಗಿನ ಕಾವು ಕಸಗೊಂಡು ಹೋಗತದ. ಹತ್ತು ಲೀಟರಿನ್ಯಾಗ 100 ಮಿಲಿ ಆರಿದ್ರ, ಲೆಕ್ಕದಾಗ ಉಳಿದ ನೀರು 5–6 ಡಿಗ್ರಿ ಇಳೀಬೇಕು. ಹೊರಗಿನ ಝಳ ಒಳಗ ನುಗ್ಗತಿರತದ, ಹಿಂಗಾಗಿ ಅಷ್ಟು ಇಳಿಯೂದಿಲ್ಲ."

"ದೊಡ್ಡ ಹರವಿಗೆ ಮೈನೂ ದೊಡ್ಡದ ಅದಲ್ಲ?" ಕಾಕೂ ಬಿಡುವ ಪೈಕಿ ಅಲ್ಲ.

ಭಾಸ್ಕರಾಚಾರ್ಯನನ್ನು ಕರೆಯಲೇಬೇಕಾಯಿತು. 1114ರಲ್ಲಿ ಹುಟ್ಟಿದವನು, ತನ್ನ ಊರು ವಿಜ್ಜಡವಿಡ ಎಂದು ತಾನೇ ಬರೆದವನು. ಅದು ನಮ್ಮ ವಿಜಯಪುರವೇ ಎಂದು ನಮ್ಮವರು, ಅಲ್ಲ, ಸಹ್ಯಾದ್ರಿಯ ಕಡೆಯದು ಎಂದು ಮಹಾರಾಷ್ಟ್ರದವರು. ಆ ಜಗಳ ಅವರವರಿಗಿರಲಿ. 'ಲೀಲಾವತಿ'ಯಲ್ಲಿ ಅವನು ಗೋಲದ ಲೆಕ್ಕ ಕೊಟ್ಟಿದ್ದಾನೆ: ನಟ್ಟನಡುವಿನ ವೃತ್ತದ ನಾಲ್ಕು ಪಟ್ಟು ಗೋಲದ ಮೈ, ಅದನ್ನು ವ್ಯಾಸದಿಂದ ಗುಣಿಸಿ 6ರಿಂದ ಭಾಗಿಸಿದರೆ ಗಾತ್ರ. ಅಡ್ಡಳತೆ ಎರಡು ಪಟ್ಟಾದರೆ ಮೈ ನಾಲ್ಕು ಪಟ್ಟು, ಹೊಟ್ಟೆ ಎಂಟು ಪಟ್ಟು.

"ಎಂಟು ಪಾಲು ನೀರು ತಂಪ ಮಾಡಾಕ ನಾಕ ಪಾಲು ಮೈ. ತಡಾ ಆಗಲಾರದ ಏನ ಮಾಡತದ?"

"ಹಂಗನ್ರಿ! ಉಣ್ಣಾವರು ಎಂಟು ಪಟ್ಟು, ರೊಟ್ಟಿ ಬಡಿಯಾವರು ನಾಕ ಪಟ್ಟು!" ನನ್ನ ಹತ್ತು ಮಾತನ್ನು ಕಾಕೂ ಒಂದರಲ್ಲಿ ಮುಗಿಸಿದರು. ಮರುಗಳಿಗೆಗೆ ಇನ್ನೊಂದು ಗಂಟು: "ಮಂಗಳೂರಾಗಿನ ನಮ್ಮ ತಂಗಿ ಹರವಿ ಅಷ್ಟು ತಂಪ ಆಗೂದಿಲ್ಲ ಅಂತಾಳ, ಅದ್ಯಾಕ?"

ಅಲ್ಲಿಯ ಗಾಳಿಯೇ ಹಸಿ. ಮತ್ತೆ ನೀರು ಹೀರುವ ಹಸಿವು ಅದಕ್ಕೆ ಕಡಿಮೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬ್ಯಾಸಗಿ ಗಾಳಿ ತುಟಿಯನ್ನೇ ಒಡೆಸುವಷ್ಟು ಒಣ. ನಾವು ದಿನಾ ಬೈಯುವ ಈ ಗಾಳಿಯೇ ಹರವಿಯ ಕೆಲಸದ ಮುಕ್ಕಾಲು ಪಾಲು ಮಾಡಿಕೊಡುತ್ತದೆ.

ನಮ್ಮ ಬೋರಿನ ಗಡಸು ನೀರು ಮಾತ್ರ ವೈರಿ. ಅದರ ಉಪ್ಪು ಕೂತು ಮಣ್ಣಿನ ಸಣ್ಣ ತೂತು ಕಟ್ಟುತ್ತವೆ, ಹಳೇ ಹರವಿ ಮಂಕಾಗುತ್ತದೆ. ಎಣ್ಣೆಬಣ್ಣ ಬಳಿದು ನಳ ಕೂಡಿಸಿದ ಹರವಿಯಂತೂ ಹೊಸದಿದ್ದಾಗಲೇ ಮಂಕು, ಚಂದಕ್ಕೆ ಇಡಬೇಕಷ್ಟೇ. ಸಂತೆಯಲ್ಲಿ ಕೊಳ್ಳುವಾಗ ಹೊರಮೈಗೆ ಒಂದು ಹನಿ ನೀರು ಬಿಟ್ಟು ನೋಡಿರಿ. ಹೀರಿಕೊಂಡರೆ ತಗೊಳ್ಳಿರಿ, ಜಾರಿ ಬಿದ್ದರೆ ಬಿಟ್ಟು ಬರ್ರಿ.