ಸಲಹೆಗಾರರ ಅಮೂಲ್ಯ ಮಾರ್ಗದರ್ಶನ

ನಾನು ಕಾಲೇಜಿನ ಕನ್ನಡ ಸಂಘದ ಸಲಹೆಗಾರ. ಸಂಘಕ್ಕೆ ಕಚೇರಿಯಿಲ್ಲ, ನಾಗಸಂದ್ರದ ನಮ್ಮ ಮನೆಯ ಹಾಲ್ ಇದೆ. ರಾಜ್ಯೋತ್ಸವ ನವೆಂಬರ್ 1ಕ್ಕಾದರೂ ಕಾಲೇಜುಗಳಲ್ಲಿ ತಿಂಗಳಿಡೀ ನಡೆಯುತ್ತದೆ. ಅದರ ಅವಶೇಷ ನಮ್ಮಲ್ಲಿ ವರ್ಷವಿಡೀ. ಕೈಕೊಟ್ಟ ಅತಿಥಿಗಳ ಪಾಲಿನ ಮೈಸೂರು ಪೇಟವೊಂದು ಈಗ ಮಿಕ್ಸಿಯ ತಲೆಯ ಮೇಲಿದೆ. "ಮನೇಲಿ ಕೆಲಸ ಮಾಡೋದು ಅದೊಂದೇರೀ, ಸನ್ಮಾನ ಆಗ್ಲಿ ಬಿಡಿ" ಎನ್ನುತ್ತಾಳೆ ಹೆಂಡತಿ.

ಸಂಘವೆಂದರೆ ಹೇಗಿರಬೇಕು ಎಂದು ಭಾಷಣ ಬಿಗಿಯಲು ನಾನು ಸದಾ ಸಿದ್ಧ. ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘ ಕಟ್ಟಿದರು, ಅಲ್ಲಿಂದ 'ಪ್ರಬುದ್ಧ ಕರ್ನಾಟಕ' ಹೊರಟಿತು. ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಮೇಷ್ಟ್ರು ಬೇಂದ್ರೆ ಹೆಸರಲ್ಲಿ ಕವನ ಸ್ಪರ್ಧೆ ನಡೆಸಿ, ಮೀಸೆ ಮೂಡುತ್ತಿದ್ದ ಹುಡುಗರನ್ನು ಅಚ್ಚಿನಲ್ಲಿ ಕವಿಗಳಾಗಿಸಿದರು. ನಮ್ಮ ಸಂಘದಿಂದ ಇದುವರೆಗೆ ಹೊರಟದ್ದು ವೋಚರುಗಳು. ಅವೂ ಆಡಿಟ್ ಮುಟ್ಟಿ ವಾಪಸಾಗಿವೆ.

ಐಕಿಯಾ 2022ರಲ್ಲಿ ನಾಗಸಂದ್ರಕ್ಕೆ ಬಂದಾಗಿನಿಂದ ಹೆಂಡತಿಗೆ ಒಂದು ಕಪಾಟಿನ ಆಸೆ. ತಂದದ್ದೂ ಆಯಿತು, ಹಲಗೆಗಳು ಹಲಗೆಗಳಾಗಿಯೇ ಮಂಚದಡಿ ಮಲಗಿದ್ದವು. ಭಾನುವಾರ ಪದಾಧಿಕಾರಿಗಳು ಸಭೆಗೆ ಬಂದರು. ಖಜಾಂಚಿ ಮಾತ್ರ ಮೆಟ್ರೋದಲ್ಲಿ ನಿದ್ದೆ ಹೊಡೆದು ಮಾದಾವರ ತಲುಪಿದ್ದ. (2024ರ ನವೆಂಬರ್‌ವರೆಗೆ ನಾಗಸಂದ್ರವೇ ಕೊನೆಯ ನಿಲ್ದಾಣ, ಎಷ್ಟು ಗೊರಕೆ ಹೊಡೆದರೂ ಇಲ್ಲೇ ಇಳಿಸುತ್ತಿದ್ದರು.) ಕೋರಂ ಆಗುವವರೆಗೆ ಸುಮ್ಮನೆ ಕೂರುವುದೇಕೆಂದು ಇವಳು ಹಲಗೆಗಳನ್ನು ಹೊರಗೆಳೆದಳು.

ನಾನು ಮಾರ್ಗದರ್ಶನ ಶುರುಮಾಡಿದೆ. ಮೊದಲು ಉಪಸಮಿತಿ ಆಗಲಿ ಎಂದೆ. ಸ್ಕ್ರೂಗಳಿಗೊಬ್ಬ ಸಂಚಾಲಕ ಬೇಕೆಂದೆ. ಚಿತ್ರ ನೋಡಿ ಜೋಡಿಸುತ್ತಿದ್ದ ಕಾರ್ಯದರ್ಶಿಗೆ ಚಿತ್ರ ತಲೆಕೆಳಗಾಗಿದೆ ಎಂದೆ. ಅವಳು ಅದನ್ನು ತಿರುಗಿಸಿದಳು, ಕಪಾಟಿನ ಬಾಗಿಲು ಗೋಡೆಯ ಕಡೆ ತೆರೆದುಕೊಂಡಿತು.

"ರೀ, ಹಾಲು ಮುಗಿದಿದೆ" ಎಂದಳು ಹೆಂಡತಿ. ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಇದ್ದುದು ನನಗೆ ಗೊತ್ತು. ಆದರೂ ಹೋದೆ. ದಾರಿಯಲ್ಲಿ ಸಿಕ್ಕ ಪರಿಚಯದವರಿಗೆ ನಾಯಕತ್ವದ ಬಗ್ಗೆ ನಾಲ್ಕು ಮಾತು ಹೇಳಿ ಹಿಂದಿರುಗುವಷ್ಟರಲ್ಲಿ ಕಪಾಟು ನೆಟ್ಟಗೆ ನಿಂತಿತ್ತು, ಒಳಗೆ ಶಾಲು, ಪೇಟ, ಬ್ಯಾನರುಗಳು ಸೇರಿದ್ದವು. ರಾಜ್ಯೋತ್ಸವದ ಕಾರ್ಯಕ್ರಮಪಟ್ಟಿಯೂ ಸಿದ್ಧವಾಗಿತ್ತು. ಖಜಾಂಚಿ ಉಪ್ಪಿಟ್ಟಿನ ಎರಡನೇ ತಟ್ಟೆಯಲ್ಲಿದ್ದ.

ಕಾರ್ಯದರ್ಶಿ ನಡಾವಳಿ ಪುಸ್ತಕ ಮುಂದಿಟ್ಟಳು. "ಸಲಹೆಗಾರರ ಅಮೂಲ್ಯ ಮಾರ್ಗದರ್ಶನದಲ್ಲಿ ಎಲ್ಲವೂ ಯಶಸ್ವಿಯಾಗಿ ನೆರವೇರಿತು" ಎಂದು ಬರೆದಿದ್ದಳು. ಗಂಭೀರವಾಗಿ ಸಹಿ ಹಾಕಿದೆ.

ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿ, ಆ ಹುಡುಗಿಯನ್ನು ಕೇಳಿದಳು: "ಯಾವಾಗ ಬಂದಿದ್ರಮ್ಮ ಅವ್ರು? ಒಂದ್ಲೋಟ ಕಾಫಿನಾದ್ರೂ ಕೊಡ್ತಿದ್ದೆ."