ಹಕ್ಕಿ ಮೇಷ್ಟ್ರ ಚಮಚಗಳು

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ತಾಲ್ಲೂಕಿಗೊಬ್ಬರಾದರೂ ಪಕ್ಷಿಪ್ರೇಮಿ ಇದ್ದೇ ಇರುತ್ತಾರೆ. ಊರು ಬದಲಾದಂತೆ ಅವರ ಸಾಮಾನು ಬದಲಾಗುತ್ತದೆ, ಸ್ವಭಾವ ಮಾತ್ರ ಒಂದೇ. ಚಿಂತಾಮಣಿಯವರು ಒಡೆದ ಟೊಮೆಟೊ ಕ್ರೇಟನ್ನು ತಂತಿಗೆ ನೇತುಹಾಕಿ ಅದಕ್ಕೆ ಹಕ್ಕಿಗಳ ಹೋಟೆಲು ಎಂದು ಹೆಸರಿಡುತ್ತಾರೆ. ಗೌರಿಬಿದನೂರಿನವರು ಮುಸುಕಿನ ಜೋಳದ ತೆನೆಗೆ ಮೊಳೆ ಹೊಡೆದು ಕಾಂಪೌಂಡಿನ ಮೇಲೆ ನಿಲ್ಲಿಸುತ್ತಾರೆ. ಚಿಕ್ಕಬಳ್ಳಾಪುರದವರು ಉದುರು ದ್ರಾಕ್ಷಿಯನ್ನು ದಾರಕ್ಕೆ ಪೋಣಿಸಿ ಮಾವಿನ ತೋರಣದ ಪಕ್ಕದಲ್ಲೇ ಕಟ್ಟುತ್ತಾರೆ. ಶಿಡ್ಲಘಟ್ಟದವರಿಗೆ ರೇಷ್ಮೆ ಬಿಟ್ಟರೆ ಬೇರೆ ದಿಕ್ಕಿಲ್ಲ. ಅಟ್ಟದ ಮೇಲಿದ್ದ ಹಳೇ ಬಿದಿರಿನ ಚಂದ್ರಂಕಿಯನ್ನು ಇಳಿಸಿ ಗೋಡೆಗೆ ಒರಗಿಸಿ, “ಇದರಲ್ಲಿ ಹುಳ ಗೂಡು ಕಟ್ಟೋದಾದ್ರೆ ಗುಬ್ಬಿ ಯಾಕೆ ಕಟ್ಟಲ್ಲ?” ಎಂದು ಕೇಳುತ್ತಾರೆ.

ಈ ಪ್ರಶ್ನೆ ಕೇಳಿದವರು ನಮ್ಮ ಪಕ್ಕದ ಮನೆಯವರು. ನಿವೃತ್ತ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಈಗ ಬೀದಿಗೆಲ್ಲ ಹಕ್ಕಿ ಮೇಷ್ಟ್ರು.

ಹುಟ್ಟಿನಿಂದ ಅವರು ಪಕ್ಷಿಪ್ರೇಮಿಯಲ್ಲ. ಪಿಂಚಣಿ ಹಣ ಕೈಗೆ ಬಂದಾಗ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದರು. ಅಂಗಳದ ಸೀಬೆ ಮರ ಪಾಯಕ್ಕೆ ಅಡ್ಡ ಬರುತ್ತದೆಂದು ಕಡಿಸಿದರು. ಉಳಿದ ಅಂಗಳಕ್ಕೆ ಕೆಸರಾಗದ ಹಾಗೆ ಸಿಮೆಂಟು ಹಾಕಿಸಿದರು. ಗೃಹಪ್ರವೇಶವಾಗಿ ತಿಂಗಳು ಕಳೆಯುವುದರೊಳಗೆ ಅವರಿಗೆ ಬೆಳಿಗ್ಗೆ ಏಳುವುದು ತಡವಾಗತೊಡಗಿತು. ಕಾರಣ ಹುಡುಕಿದರೆ, ಗುಬ್ಬಚ್ಚಿ ಸದ್ದೇ ಇಲ್ಲ. ಮೇಷ್ಟ್ರು ಮೂರು ದಿನ ಯೋಚನೆ ಮಾಡಿ ತೀರ್ಪು ಕೊಟ್ಟರು: “ಎಲ್ಲಾ ಈ ಮೊಬೈಲ್ ಟವರಿಂದ.”

ಅದೇ ಮೊಬೈಲಿನಲ್ಲಿ ವಿಡಿಯೊ ನೋಡಿ ಪರಿಹಾರವನ್ನೂ ಕಂಡುಹಿಡಿದರು. ಖಾಲಿ ನೀರಿನ ಬಾಟಲಿಗೆ ಎದುರುಬದುರು ತೂತು ಕೊರೆದು, ಅಡ್ಡಲಾಗಿ ಚಮಚ ತೂರಿಸಿ, ಒಳಗೆ ನವಣೆ ತುಂಬಿ ನೇತುಹಾಕಬೇಕು. ಕಾಳು ಚಮಚದ ತಲೆಗೆ ಇಳಿಯುತ್ತದೆ, ಹಕ್ಕಿ ಹಿಡಿಯ ಮೇಲೆ ಕೂತು ತಿನ್ನುತ್ತದೆ. ವಿಡಿಯೊದಲ್ಲಿದ್ದದ್ದು ಮರದ ಚಮಚ. ಮೇಷ್ಟ್ರ ಮನೆಯಲ್ಲಿದ್ದದ್ದು ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲಿನ ಚಮಚ. ಆರು ಬಾಟಲಿ, ಹನ್ನೆರಡು ಚಮಚ.

ಆ ವಾರವೇ ಬೀಗರು ಬಂದರು. ಮೇಷ್ಟ್ರ ಹೆಂಡತಿ ಬಿಸಿಬಿಸಿ ಕೇಸರಿಬಾತು ತಂದಿಟ್ಟರು.

“ಚಮಚ ಇದ್ದರೆ ಕೊಡೀಮ್ಮ” ಎಂದರು ಬೀಗರು.

ಆಕೆ ಏನೂ ಹೇಳದೆ ಕಿಟಕಿಯ ಕಡೆ ಕೈ ತೋರಿಸಿದರು. ಬೀಗರು ಕೈಯಲ್ಲೇ ತಿಂದರು. ಹಕ್ಕಿಗಳೂ ಚಮಚದಲ್ಲಿ ತಿನ್ನಲಿಲ್ಲ. ಗುಬ್ಬಿಗೆ ನೆಲದ ಮೇಲೆ ಕುಪ್ಪಳಿಸಿ ಹೆಕ್ಕುವುದೇ ಅಭ್ಯಾಸ. ಗಾಳಿಗೆ ಓಲಾಡಿ ಥಳಥಳ ಹೊಳೆಯುವ ಚಮಚ ಕಂಡು ಅವು ಎದುರು ಬೀದಿಗೇ ಹಾರಿದವು.

ಎರಡನೆಯ ಪ್ರಯೋಗ ಕೆಂಪು ಬಾಟಲಿಯ ಸಕ್ಕರೆ ನೀರು. ಅದು ಹಮ್ಮಿಂಗ್ ಬರ್ಡ್‌ಗೆಂದು ಮಾಡಿದ ಪಾಕ. ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ ಎಂದು ನಾನು ಮೆಲ್ಲಗೆ ಹೇಳಿದೆ. “ನಮ್ಮ ಸೂರಕ್ಕಿ ಅದರ ಚಿಕ್ಕಪ್ಪನ ಮಗ ಇದ್ದ ಹಾಗೆ ಕಣ್ರೀ” ಎಂದರು. ಚಿಕ್ಕಪ್ಪನ ಮಗ ನಮ್ಮ ಮನೆ ದಾಸವಾಳಕ್ಕೆ ಬಂದು ಜೇನು ಹೀರಿ ಹೋಯಿತು. ಸಕ್ಕರೆ ನೀರಿಗೆ ಇಡೀ ವಾರ್ಡಿನ ಇರುವೆ ಬಂತು.

ಮೂರನೆಯದು ಕೊಬ್ಬಿನ ಉಂಡೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಹಕ್ಕಿಗೆ ಕಾವು ಬೇಕೆಂದು ಕೊಬ್ಬಿನಲ್ಲಿ ಕಾಳು ಕಲೆಸಿ ಅಚ್ಚು ಹಾಕುತ್ತಾರೆ. ಮೇಷ್ಟ್ರು ವನಸ್ಪತಿಗೆ ಕಡಲೆಕಾಯಿ ಬೀಜ ಕಲೆಸಿ, ತೆಂಗಿನ ಚಿಪ್ಪಿನಲ್ಲಿ ಅಚ್ಚು ಹಾಕಿ, ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ನೇತುಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅದು ಕೆಳಗೆ ನಿಲ್ಲಿಸಿದ್ದ ಅವರದೇ ಸ್ಕೂಟರಿನ ಸೀಟಿನ ಮೇಲಿತ್ತು. ಸಂಜೆ ಪೇಟೆಗೆ ಹೊರಟ ಮೇಷ್ಟ್ರು ಸೀಟಿನ ಮೇಲೆ ಕೂತ ತಕ್ಷಣ ಜಾರಿ ಹ್ಯಾಂಡಲಿನವರೆಗೆ ಹೋದರು.

ಇವರ ಅಣ್ಣ ನಂದಿ ಬೆಟ್ಟದ ತಪ್ಪಲಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದಾರೆ. ಹಕ್ಕಿ ಬರದಿರಲಿ ಎಂದು ತೋಟಕ್ಕೆಲ್ಲ ಬಲೆ ಹೊದಿಸಿ, ಮಿರಿಮಿರಿ ಮಿಂಚುವ ರಿಬ್ಬನ್ನು ಕಟ್ಟಿ, ಅದೂ ಸಾಲದೆ ದಿನವಿಡೀ ಡಬ್ಬ ಬಡಿಯಲು ಕೂಲಿಗೆ ಆಳು ಇಟ್ಟವರು. ತಮ್ಮನ ಮನೆಗೆ ಬಂದು ನೋಡಿದರೆ ಕಿಟಕಿಗೆ ದ್ರಾಕ್ಷಿ ಗೊಂಚಲು ನೇತಾಡುತ್ತಿದೆ. ಅದೂ ತಾವೇ ಹಬ್ಬಕ್ಕೆಂದು ಕಳಿಸಿದ ಗೊಂಚಲು. ಅಣ್ಣ ತೆಲುಗಿನಲ್ಲಿ ಬೈದರು, ತಮ್ಮ ಕನ್ನಡದಲ್ಲಿ ಸಮಜಾಯಿಷಿ ಕೊಟ್ಟರು. ನಮ್ಮ ಕಡೆ ಜಗಳಗಳೆಲ್ಲ ಹೀಗೆ ಎರಡು ಭಾಷೆಯಲ್ಲೇ ನಡೆಯುವುದು. ಕೊನೆಗೆ ಅಣ್ಣ, “ಅಲ್ಲಿಂದ ಓಡಿಸೋಕೆ ನಾನು ಕೂಲಿ ಕೊಡ್ತೀನಿ, ಇಲ್ಲಿ ಕರೆಯೋಕೆ ನೀನು ಕಾಳು ಹಾಕ್ತೀಯ. ಹಕ್ಕಿಗಿರೋ ಮರ್ಯಾದೆ ಈ ಮನೇಲಿ ನನಗಿಲ್ಲ” ಎಂದು ಎದ್ದು ಹೋದರು.

ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. 2010ರಿಂದ ಆಚರಣೆಯಲ್ಲಿದೆ. ಆ ದಿನ ಶಾಲೆಯವರು ಮೇಷ್ಟ್ರನ್ನು ಭಾಷಣಕ್ಕೆ ಕರೆಯುವುದು ವಾಡಿಕೆ. ಒಂದು ವರ್ಷ ಭಾಷಣ ಜೋರಾಗಿಯೇ ಬಂತು. ದೊಡ್ಡ ಗುಬ್ಬಿ ಕಾಳು ತಿಂದು ಬದುಕೀತು, ಮರಿಗೆ ಮಾತ್ರ ಹುಳಹುಪ್ಪಟೆಯೇ ಬೇಕು, ಬರೀ ಕಾಳು ಚೆಲ್ಲಿದರೆ ಗುಬ್ಬಿ ಸಂಸಾರ ಬೆಳೆಯುವುದಿಲ್ಲ ಎಂದರು. ಮಾತು ನಿಜ. ಅಷ್ಟರಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಿಮ್ಮನೆ ಅಂಗಳಕ್ಕೆ ಸಿಮೆಂಟ್ ಹಾಕ್ಸಿದೀರಲ್ಲ, ಹುಳ ಎಲ್ಲಿಂದ ಬರುತ್ತೆ?” ಎಂದಳು.

ಬೇರೆ ಊರಾಗಿದ್ದರೆ ಮೇಷ್ಟ್ರು ಸೋಲುತ್ತಿದ್ದರು. ಇದು ಶಿಡ್ಲಘಟ್ಟ. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚಿದ ಮೇಲೆ ಒಳಗಿನ ಪ್ಯೂಪಾ ಉಳಿಯುತ್ತದೆ. ಕೋಳಿಗೆ, ಮೀನಿಗೆ ಮೇವಾಗಿ ಹೋಗುವ ಮಾಲು. ಹೊರದೇಶದವರು ಡಬ್ಬಿಗಟ್ಟಲೆ ಒಣ ಹುಳ ಕೊಂಡು ಹಕ್ಕಿಗೆ ಹಾಕುತ್ತಾರೆ, ನಮ್ಮಲ್ಲಿ ಅದು ಬಕೆಟ್ಟುಗಟ್ಟಲೆ ಇದೆ ಎಂದು ಮೇಷ್ಟ್ರ ಕಣ್ಣು ಅರಳಿತು. ರಾಗಿ ಹಿಟ್ಟಿಗೆ ಪ್ಯೂಪಾ ಅರೆದು ಸೇರಿಸಿ ಲಾಡು ಕಟ್ಟಿ ತಾರಸಿಯ ಮೇಲೆ ಸಾಲಾಗಿ ಇಟ್ಟರು. ಶಿಡ್ಲಘಟ್ಟದ ಮೂಗಿಗೆ ಪ್ಯೂಪಾ ವಾಸನೆ ಹೊಸದಲ್ಲ. ಆದರೆ ಅದು ಬಿಚ್ಚಾಣಿಕೆ ಮನೆಗಳ ದಿಕ್ಕಿನಿಂದ ಬರಬೇಕು, ಮೇಷ್ಟ್ರ ಮನೆ ಮಿಕ್ಸಿಯಿಂದ ಬರಬಾರದು. ಅವರ ಹೆಂಡತಿ ಹೊಸ ಮಿಕ್ಸಿ ಬರುವವರೆಗೆ ಚಟ್ನಿ ಅರೆಯಲಿಲ್ಲ.

ಗುಬ್ಬಿ ಬರಲಿಲ್ಲ. ಕಾಗೆ ಬಂದವು. ಬಂದ ಕಾಗೆ ಬಳಗವನ್ನು ಕರೆದವು. ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಬೀದಿಯವರೆಲ್ಲ ಹಿರಿಯರಿಗೆ ವಡೆ, ಪಾಯಸ, ಕೆಲವರು ಬಾಡು, ಎಲೆ ತುಂಬ ಎಡೆಯಿಟ್ಟು ತಂತಮ್ಮ ತಾರಸಿಯಲ್ಲಿ ಕಾ ಕಾ ಎಂದು ಕೂಗುತ್ತ ನಿಂತೆವು. ಒಂದು ಕಾಗೆಯೂ ತಿರುಗಿ ನೋಡಲಿಲ್ಲ. ಬೀದಿಯ ಪಿತೃಗಳೆಲ್ಲ ಮೇಷ್ಟ್ರ ತಾರಸಿಯಲ್ಲಿ ಪ್ಯೂಪಾ ಲಾಡಿನ ಪಂಕ್ತಿಗೆ ಕೂತಿದ್ದರು. ಮಧ್ಯಾಹ್ನ ಎರಡು ಗಂಟೆಯಾದರೂ ನಮಗ್ಯಾರಿಗೂ ಊಟವಿಲ್ಲ. ಎದುರು ಮನೆ ಅಜ್ಜಿ, “ಬದುಕಿದ್ದಾಗ್ಲೂ ನಮ್ಮೆಜಮಾನ್ರು ಹಿಂಗೇ, ಪಕ್ಕದ ಮನೆ ಊಟವೇ ರುಚಿ” ಎಂದು ನಿಟ್ಟುಸಿರು ಬಿಟ್ಟರು. ಮಾರನೆಯ ದಿನದಿಂದ ಲಾಡು ನಿಂತಿತು.

ಕೊನೆಗೆ ಕೈಹಿಡಿದದ್ದು ಒಡೆದ ಮಡಕೆಯ ತಳ. ಅದು ಮೇಷ್ಟ್ರ ಆವಿಷ್ಕಾರವಲ್ಲ. ಅವರ ಹೆಂಡತಿ ತುಳಸಿಕಟ್ಟೆಯ ಪಕ್ಕದ ನೆರಳಿನಲ್ಲಿ ನೀರು ಹೊಯ್ದಿಟ್ಟಿದ್ದರು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆದ ಬೋರಿನಲ್ಲೂ ದೂಳು ಬರುವುದುಂಟು. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸುತ್ತಾರೆ. ಇಂಥ ಸೀಮೆಯಲ್ಲಿ ಬೇಸಿಗೆಯ ನಡುಮಧ್ಯಾಹ್ನ ಎರಡು ಅಂಗೈಯಗಲ ನೀರು ಕಂಡರೆ ಯಾವ ಹಕ್ಕಿ ಬಿಟ್ಟೀತು? ಪಿಕಳಾರ ಬಂತು, ಮೈನಾ ಬಂತು, ಬೆಳವ ಬಂತು. ಮೊರದಲ್ಲಿ ಕೇರಿ ಚೆಲ್ಲಿದ ರಾಗಿ ನುಚ್ಚಿಗೆ ಗುಬ್ಬಿಯೂ ಬಂತು.

ಮೇಷ್ಟ್ರು ಅದಕ್ಕೆ ಕೂಡಲೇ ಸಿದ್ಧಾಂತ ಕಟ್ಟಿದರು. ನೀರು ಎರಡು ಇಂಚಿಗಿಂತ ಆಳವಿರಬಾರದು, ಕಾಲೂರಲು ನಡುವೆ ಒಂದು ಕಲ್ಲಿರಬೇಕು, ದಿನಾ ತಟ್ಟೆ ಉಜ್ಜಿ ನೀರು ಬದಲಿಸಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ, ಹಕ್ಕಿಗೆ ರೋಗ. ನಗುವ ಹಾಗಿಲ್ಲ, ಎಲ್ಲವೂ ಸರಿ. ಅದಕ್ಕಿಂತ ಹೆಚ್ಚಾಗಿ, ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಿಡುವ ಕಾಲದಲ್ಲೂ ತಮ್ಮ ಸ್ನಾನದ ನೀರಿನಲ್ಲಿ ಒಂದು ಚೊಂಬು ಉಳಿಸಿ ತಟ್ಟೆ ತುಂಬಿಸುವುದನ್ನು ಅವರು ಒಂದು ದಿನವೂ ತಪ್ಪಿಸಿಲ್ಲ.

ಈಚೆಗೆ ಮಗನ ಮನೆಗೆಂದು ಹದಿನೈದು ದಿನ ಬೆಂಗಳೂರಿಗೆ ಹೊರಟಾಗ ನನಗೆ ಗೇಟಿನ ಕೀಲಿಕೈ ಕೊಟ್ಟು, ಹನ್ನೊಂದು ಸೂಚನೆಗಳ ಚೀಟಿಯನ್ನೂ ಕೊಟ್ಟರು. ಮೂರನೆಯ ದಿನ ಮರೆತೆ. ಮಧ್ಯಾಹ್ನ ಮೈನಾ ಒಂದು ಕಾಂಪೌಂಡಿನ ಮೇಲೆ ಕೂತು, ನಮ್ಮ ಕಿಟಕಿಯ ಕಡೆ ತಿರುಗಿ, ಮೇಷ್ಟ್ರು ಹಾಜರಿ ಕೂಗುವ ಧಾಟಿಯಲ್ಲೇ ಕೂಗಿತು. ಚೊಂಬು ಹಿಡಿದು ಓಡಿದೆ.

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇರುತ್ತಾರೆ. ಅವರು ಊರಿಗೆ ಹೋದರೆ ತಟ್ಟೆಗೆ ನೀರು ಹಾಕಿ. ಮನೆ ಕಟ್ಟಿಸುತ್ತೇನೆಂದರೆ ಸೀಬೆ ಮರ ಉಳಿಸಿಕೊಳ್ಳಿ ಎನ್ನಿ. ಚಮಚ ಕೇಳಲು ಬಂದರೆ ಮಾತ್ರ ಇಲ್ಲ ಅಂದುಬಿಡಿ.